ಬೈಬಲ್ ಬಗ್ಗೆ ಕೇಳ್ತಾರೆ, ಕೇಳಲಿ ಬಿಡಿ

ಕ್ರೈಸ್ತ ನಂಬಿಕೆ ಬಗ್ಗೆ ಮಾತು ತೆಗೆದ್ರೆ ಸಾಕು, ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ: ಬೈಬಲಲ್ಲಿ ಯಾವ ಪುಸ್ತಕ ಇರಬೇಕು ಅಂತ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ತೀರ್ಮಾನ ಮಾಡಿದ್ದಂತೆ, ಹೌದಾ?

ಅಲ್ಲ. ಕ್ರಿ.ಶ. 325ರಲ್ಲಿ ಅವನು ನೈಸಿಯಾದಲ್ಲಿ ಬಿಷಪ್‌ಗಳ ಸಭೆ ಕರೆದದ್ದು ನಿಜ. ಆದ್ರೆ ಅಲ್ಲಿ ಮುಖ್ಯ ಜಗಳ ನಡೆದದ್ದು ಅರಿಯಸ್ ಅನ್ನೋ ಪಾದ್ರಿಯ ಬೋಧನೆ ಮೇಲೆ. ಯೇಸು ದೇವರಿಗೆ ಸಮಾನರೋ, ಇಲ್ಲ ದೇವರು ಸೃಷ್ಟಿ ಮಾಡಿದವರೋ ಅಂತ. ಆ ಸಭೆ ಹೊರಡಿಸಿದ 20 ನಿಯಮಗಳು ಇವತ್ತಿಗೂ ಓದೋಕೆ ಸಿಗುತ್ತವೆ, ಒಂದರಲ್ಲೂ ಪುಸ್ತಕಗಳ ಪಟ್ಟಿ ಇಲ್ಲ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಈಗಿರೋ 27 ಪುಸ್ತಕಗಳು 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ ಈಸ್ಟರ್ ಪತ್ರದಲ್ಲಿ ಸಿಗುತ್ತವೆ. ಅಷ್ಟೊತ್ತಿಗೆ ಕಾನ್‌ಸ್ಟಂಟೈನ್ ತೀರಿಕೊಂಡು 30 ವರ್ಷ ಆಗಿತ್ತು.

ಸರಿ, ಹಾಗಾದ್ರೆ ಬೈಬಲಲ್ಲಿ ಏನೂ ಬದಲಾಗಿಲ್ವಾ? ಇದು ಒಳ್ಳೇ ಪ್ರಶ್ನೆ. ನಮ್ಮವರು ಇಲ್ಲೇ ಎಡವೋದು, ಒಂದಕ್ಷರಾನೂ ಬದಲಾಗಿಲ್ಲ ಅಂತ ಎದೆ ತಟ್ಟಿ ಹೇಳಿಬಿಡ್ತಾರೆ. ಯೇಸುವಿನ ಬದುಕಿನ ಕಥೆ ಹೇಳೋ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೇ ಅಧ್ಯಾಯ ತೆಗೀರಿ. 8ನೇ ವಚನದಲ್ಲಿ ಹೆಂಗಸರು ಯೇಸುವಿನ ಸಮಾಧಿಯಿಂದ ಗಾಬರಿಬಿದ್ದು ಓಡಿಹೋಗ್ತಾರೆ, ಯಾರಿಗೂ ಏನೂ ಹೇಳಲ್ಲ. ನಾಲ್ಕನೇ ಶತಮಾನದ ಸಿನಾಯಿಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಸುವಾರ್ತೆ ಅಲ್ಲಿಗೇ ಮುಗಿದುಹೋಗುತ್ತೆ. ಮುಂದಿನ 12 ವಚನ ಅವುಗಳಲ್ಲಿಲ್ಲ. ಪಾಪ ಮಾಡದವನು ಮೊದಲ ಕಲ್ಲು ಹಾಕಲಿ ಅಂತ ಯೇಸು ಹೇಳೋ ಪ್ರಸಂಗ ಇದೆಯಲ್ಲ, ಯೋಹಾನ 8ನೇ ಅಧ್ಯಾಯ? ಅದೂ ಆ ಎರಡು ಹಸ್ತಪ್ರತಿಗಳಲ್ಲಿ ಇಲ್ಲ. ನನಗೆ ಬಹಳ ಇಷ್ಟವಾದ ಭಾಗ ಅದು, ಆದ್ರೂ ಇಲ್ಲ ಅಂದ್ರೆ ಇಲ್ಲ. ಇದನ್ನ ಯಾರೂ ಮುಚ್ಚಿಟ್ಟಿಲ್ಲ, ಎಷ್ಟೋ ಬೈಬಲ್‌ಗಳಲ್ಲಿ ಪುಟದ ಅಡಿಯಲ್ಲೇ ಅಚ್ಚಾಗಿರುತ್ತೆ. ಸಾವಿರಾರು ಹಸ್ತಪ್ರತಿಗಳು ಉಳಿದಿರೋದ್ರಿಂದಲೇ ಹೋಲಿಸಿ ನೋಡೋಕೆ ಆಗ್ತಿರೋದು. ಇನ್ನು ಪುನರುತ್ಥಾನದ, ಅಂದ್ರೆ ಯೇಸು ಸತ್ತು ಮತ್ತೆ ಎದ್ದುಬಂದರು ಅನ್ನೋ ನಂಬಿಕೆ ಆ 12 ವಚನಗಳ ಮೇಲೆ ನಿಂತಿಲ್ಲ. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಅದು ಸ್ಪಷ್ಟವಾಗಿದೆ. ಆ ಪತ್ರ ಸುವಾರ್ತೆಗಳಿಗಿಂತ ಹಳೇದು ಅಂತಾರೆ ಬಹುಪಾಲು ವಿದ್ವಾಂಸರು.

ತ್ರಿಯೇಕ ದೇವರು, ಅಂದ್ರೆ ತಂದೆ, ಮಗ, ಪವಿತ್ರಾತ್ಮ ಅಂತೀವಲ್ಲ, ಅದು ಮೂರು ದೇವರಾ? ಅಲ್ಲ. ಆದ್ರೆ ದಯವಿಟ್ಟು ಆ ನೀರು, ಮಂಜುಗಡ್ಡೆ, ಆವಿ ಉದಾಹರಣೆ ಕೊಡಬೇಡಿ. ಒಬ್ಬರೇ ಮೂರು ವೇಷ ಹಾಕಿದ ಹಾಗಾಗುತ್ತೆ, ಆ ವಾದವನ್ನ ಚರ್ಚ್ ಮೂರನೇ ಶತಮಾನದಲ್ಲೇ ತಳ್ಳಿಹಾಕಿದೆ.

ಇವೆಲ್ಲ ಓದಿಕೊಂಡ್ರೆ ಉತ್ತರ ಹೇಳಬಹುದಾದ ಪ್ರಶ್ನೆಗಳು. ಮಗು ಕಳಕೊಂಡ ತಾಯಿ "ದೇವರು ಎಲ್ಲಿದ್ರು?" ಅಂದಾಗ ಹಸ್ತಪ್ರತಿ ಕೆಲಸಕ್ಕೆ ಬರಲ್ಲ. ಆಗಲೂ ಯಾರೋ ಶುರು ಹಚ್ಕೊಳ್ತಾರೆ: ಎಲ್ಲೋ ಪಾಪ ಆಗಿರಬೇಕು, ಪ್ರಾರ್ಥನೆ ಸಾಲಲಿಲ್ಲ, ವಿಶ್ವಾಸ ಕಮ್ಮಿಯಾಯ್ತು. ನನಗೆ ಸಿಟ್ಟು ಬರೋದು ಇಲ್ಲೇ. ಲೂಕ 13 ಓದಿ. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತಿರ್ತಾರೆ. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದ್ರು ಅಂದ್ಕೊಂಡ್ರಾ ಅಂತ ಯೇಸು ಕೇಳ್ತಾರೆ, ಇಲ್ಲ ಅಂತ ತಾವೇ ಹೇಳ್ತಾರೆ. ಪಶ್ಚಾತ್ತಾಪ ಪಡಿ ಅಂತ ಎಚ್ಚರಿಸೋದು ಎದುರಿಗೆ ನಿಂತು ಕೇಳ್ತಿದ್ದವರನ್ನ, ಸತ್ತವರ ಲೆಕ್ಕ ತೆಗೆಯಲ್ಲ. ಬುರುಜು ಯಾಕೆ ಬಿತ್ತು ಅಂತಾನೂ ವಿವರಿಸಲ್ಲ. ಬೈಬಲಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನ ಕಥೆ ಇದೆ, ಅವನ ಗೆಳೆಯರ ಹತ್ರ ಮಾತ್ರ ಪ್ರತಿಯೊಂದಕ್ಕೂ ಕಾರಣ ಇತ್ತು. ದೇವರ ಎದುರೇ ವಾದಕ್ಕೆ ನಿಂತ ಯೋಬನಿಗೂ ಗದರಿಕೆ ಬೀಳುತ್ತೆ, ಸುಳ್ಳಲ್ಲ. ಆದ್ರೆ ಕೊನೆಗೆ ದೇವರು ಕೋಪಗೊಳ್ಳೋದು ಆ ಗೆಳೆಯರ ಮೇಲೆ, ಸರಿಯಾಗಿ ಮಾತಾಡಿದವನು ಯೋಬನೇ ಅಂತಾರೆ.

ನರಕದ ಪ್ರಶ್ನೆಯನ್ನ ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೀನಿ. ಅದಕ್ಕೆ ಇವತ್ತಿನಷ್ಟು ಹೊತ್ತು ಸಾಲಲ್ಲ.