ಜೂನ್ ಒಂದರಂದು ಹುಟ್ಟಿದವರು

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲಿ ಜೂನ್ ಒಂದರಂದು ಹುಟ್ಟಿದವರು ಯಾರಾದರೂ ಇದ್ದಾರೆಯೇ? ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಮುಂಬಯಿಗೆ ಬಂದ ಮನೆಯಾದರೆ ಒಬ್ಬರಲ್ಲ, ಇಬ್ಬರು ಮೂವರು ಸಿಕ್ಕಾರು. ಅಣ್ಣನೂ ಅದೇ ದಿನ, ತಮ್ಮನೂ ಅದೇ ದಿನ, ಕೆಲವೊಮ್ಮೆ ಅಪ್ಪನೂ. ಮಗುವನ್ನು ಶಾಲೆಗೆ ಸೇರಿಸಲು ಕರೆದೊಯ್ದಾಗ ಹುಟ್ಟಿದ ತಾರೀಖು ಯಾರಿಗೂ ನೆನಪಿರುವುದಿಲ್ಲ. ಮಾಸ್ತರರು ಹುಡುಗನ ಎತ್ತರ ನೋಡಿ, ಹಲ್ಲು ನೋಡಿ, ದಾಖಲಾತಿ ಪುಸ್ತಕದಲ್ಲಿ ಜೂನ್ ಒಂದು ಎಂದು ಬರೆದುಬಿಡುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಬೇಕಲ್ಲ, ಅದಕ್ಕೆ.

ಅಂದು ಸಲೀಸಾಗಿ ಬರೆದ ಆ ಒಂದು ಸಾಲು ಹತ್ತು ಹನ್ನೆರಡು ವರ್ಷಗಳ ನಂತರ ಮುಂಬಯಿಯ ಡೋಂಗ್ರಿಯಲ್ಲಿ ಒಬ್ಬ ಹುಡುಗನ ಹಣೆಬರಹವಾಗುವುದನ್ನು ನಾನು ನೋಡಿದ್ದೇನೆ. ಮಕ್ಕಳ ಪ್ರಕರಣಗಳಲ್ಲಿ ವಕೀಲಿ ಮಾಡುವ ನನ್ನ ಕೈಗೆ ಕನ್ನಡದ ಕಾಗದ ಬಂದಾಗಲೆಲ್ಲ ಅನುವಾದದ ಕೆಲಸವೂ ನನ್ನದೇ. ಇಂದು ಹೇಳಹೊರಟಿರುವುದು ಅಂಥ ಒಂದು ಕಾಗದದ ಕತೆ. ಹುಡುಗನ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮಗುವಿನ ಗುರುತನ್ನು ಬಹಿರಂಗಪಡಿಸುವುದೇ ಕಾನೂನಿನ ಪ್ರಕಾರ ಅಪರಾಧ.

ವರ್ಷ 2019, ಮಾರ್ಚ್ ತಿಂಗಳು. ಇಂಡಿ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದು ವಡಾಳಾದಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ದಂಪತಿಯ ಮಗ. ಹೋಟೆಲೊಂದರಲ್ಲಿ ತಟ್ಟೆ ತೊಳೆಯುತ್ತಿದ್ದ. ಗಿರಾಕಿಯೊಬ್ಬರ ಮೊಬೈಲ್ ಕದ್ದನೆಂದು ಹಿಡಿದರು. ಹೋಟೆಲಿಗೆ ಸೇರಿಸುವಾಗ ಅಪ್ಪ ಹುಡುಗನಿಗೆ ಹದಿನೆಂಟು ಎಂದು ಹೇಳಿದ್ದ, ಇಲ್ಲವಾದರೆ ಕೆಲಸ ಸಿಗುತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ 2001ರ ಜನವರಿ ಒಂದು ಎಂದಿತ್ತು. ಅದನ್ನು ಮಾಡಿಸಿದ ದಿನ ವರ್ಷ ಮಾತ್ರ ಹೇಳಿದ್ದರು, ತಿಂಗಳು ದಿನ ಯಂತ್ರವೇ ತುಂಬಿಕೊಂಡಿತ್ತು. ಆ ಲೆಕ್ಕದಲ್ಲಿ ಅವನು ಹದಿನೆಂಟು ವರ್ಷ ಎರಡು ತಿಂಗಳಿನ ಗಂಡಸು. ಒಂದು ರಾತ್ರಿ ಠಾಣೆಯ ಲಾಕಪ್ಪಿನಲ್ಲಿ ಕಳೆದು, ಮರುದಿನ ದೊಡ್ಡವರ ನ್ಯಾಯಾಲಯಕ್ಕೆ ಹೋದ.

ಅವನು ಮಗು ಎಂದು ಯಾರಿಗಾದರೂ ತೋರಿದ್ದರೆ ನಡೆಯಬೇಕಾಗಿದ್ದದ್ದೇ ಬೇರೆ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ಕೈಗೆ ಬೇಡಿ ತೊಡಿಸುವಂತಿಲ್ಲ. ಮಕ್ಕಳಿಗಾಗಿಯೇ ನೇಮಿಸಿದ ಪೊಲೀಸ್ ಅಧಿಕಾರಿ ಸಮವಸ್ತ್ರವಿಲ್ಲದೆ ಮಾತನಾಡಿಸಬೇಕು, ತಂದೆತಾಯಿಗೆ ತಿಳಿಸಬೇಕು, ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮೊಬೈಲ್ ಕಳವಿನಂಥ ಸಣ್ಣ ಆರೋಪವಾದರೆ ಎಫ್‌ಐಆರ್ ಕೂಡ ಬೇಡ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡರೆ ಸಾಕೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಠಾಣೆಯಲ್ಲಿ ಎಫ್‌ಐಆರ್ ಆಯಿತೆಂದು ಕೇಳಿದ ಕೂಡಲೇ ಮಗನ ಬದುಕೇ ಮುಗಿಯಿತೆಂದು ಅಳುವ ತಾಯಂದಿರಿಗೆ ನಾನು ಮೊದಲು ಹೇಳುವ ಮಾತು ಇದೇ.

ಈ ಹುಡುಗ ಮ್ಯಾಜಿಸ್ಟ್ರೇಟರ ಮುಂದೆ ತನಗೆ ಹದಿನೇಳು ಎಂದ. ಯಾವ ನ್ಯಾಯಾಲಯದಲ್ಲಿ ಬೇಕಾದರೂ, ಪ್ರಕರಣ ಯಾವ ಹಂತದಲ್ಲಿದ್ದರೂ, ತೀರ್ಪು ಬಂದ ಮೇಲೂ ಈ ಮಾತನ್ನು ಎತ್ತಬಹುದು. ಕೇಳಿದ ನ್ಯಾಯಾಲಯ ತನಿಖೆ ಮಾಡಲೇಬೇಕು. ಅಲ್ಲಿಯವರೆಗೆ ಸುರಕ್ಷಿತ ಸ್ಥಳದಲ್ಲಿರಿಸಬೇಕೆಂಬುದು ಬರೆದ ಕಾನೂನು. ಅವನು ಮಾತ್ರ ಒಂಬತ್ತು ದಿನ ಬೆಳೆದ ಗಂಡಸರ ನಡುವೆಯೇ ಇದ್ದ. ಆ ಒಂಬತ್ತು ದಿನಗಳ ಬಗ್ಗೆ ಅವನು ಇವತ್ತಿಗೂ ಮಾತನಾಡುವುದಿಲ್ಲ, ನಾನೂ ಕೇಳಿಲ್ಲ.

ವಯಸ್ಸನ್ನು ತೀರ್ಮಾನಿಸುವ ಕ್ರಮವನ್ನು ಕಾಯ್ದೆಯ 94ನೇ ಕಲಮು ಹೇಳುತ್ತದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂಥದ್ದು. ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪತ್ರ. ಎರಡೂ ಇಲ್ಲವೆಂದಾದರೆ ಮಾತ್ರ ಎಲುಬಿನ ಎಕ್ಸ್-ರೇ ತೆಗೆದು ನಡೆಸುವ ವೈದ್ಯಕೀಯ ಪರೀಕ್ಷೆ, ಅದನ್ನು 15 ದಿನದೊಳಗೆ ಮುಗಿಸಬೇಕು. ಎಲುಬಿನ ಲೆಕ್ಕ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟು 1982ರಲ್ಲೇ ಒಪ್ಪಿಕೊಂಡಿದೆ. ಆಧಾರ್ ಕಾರ್ಡು ಈ ಸಾಲಿನಲ್ಲಿ ಎಲ್ಲೂ ಇಲ್ಲ. ಜನ್ಮ ದಿನಾಂಕಕ್ಕೆ ಅದು ಪುರಾವೆಯಲ್ಲವೆಂದು, ರಸ್ತೆ ಅಪಘಾತದ ಪರಿಹಾರದ ಒಂದು ಪ್ರಕರಣದಲ್ಲಿ, 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಹುಡುಗನಿಗೆ ಅದು ಐದು ವರ್ಷ ತಡವಾಗಿ ಬಂದ ಮಾತು.

ಅವನ ಸೋದರಮಾವ ಊರಿನ ಶಾಲೆಗೆ ಹೋದ. ಪರೀಕ್ಷೆಯ ಕಾಲ, ಮುಖ್ಯೋಪಾಧ್ಯಾಯರು ಬೇರೆ ಕೇಂದ್ರದ ಮೇಲ್ವಿಚಾರಣೆಗೆ ಹೋಗಿದ್ದರು. ಎರಡು ದಿನ ಕಾದು, ಮೂರನೆಯ ದಿನ ಪ್ರಮಾಣಪತ್ರ ಬರೆಸಿಕೊಂಡು, ಫೋಟೊ ತೆಗೆದು ಕಳಿಸಿದ. ಫೋಟೊ ಸಾಲದು, ಮೂಲ ಬೇಕು ಎಂದೆ. ರಾತ್ರಿ ಬಸ್ಸಿನ ಚಾಲಕನ ಕೈಯಲ್ಲಿ ಲಕೋಟೆ ಬಂತು. ಹಳದಿಯಾದ ನಮೂನೆ, ನೀಲಿ ಶಾಯಿ, ದುಂಡಗಿನ ಮೊಹರು ಅರ್ಧ ಮಾತ್ರ ಮೂಡಿತ್ತು. ಜನ್ಮ ದಿನಾಂಕ ಅಂಕಿಯಲ್ಲಿ: 1-6-2001. ಅಕ್ಷರದಲ್ಲಿ: ಒಂದನೆಯ ಜೂನ್ ಎರಡು ಸಾವಿರದ ಒಂದು. ಹಾಗೆಂದರೆ ಮೊಬೈಲ್ ಕಳೆದ ದಿನ ಅವನಿಗೆ ಹದಿನೇಳು ವರ್ಷ ಒಂಬತ್ತು ತಿಂಗಳು. ಮೂರು ತಿಂಗಳ ಅಂತರದಲ್ಲಿ ಹುಡುಗ ಮತ್ತೆ ಮಗುವಾದ. ಅಪರಾಧ ನಡೆದ ದಿನದ ವಯಸ್ಸೇ ಮುಖ್ಯ, ನ್ಯಾಯಾಲಯಕ್ಕೆ ಬಂದ ದಿನದ್ದಲ್ಲ.

ಕಡತ ಡೋಂಗ್ರಿಯ ಬಾಲ ನ್ಯಾಯ ಮಂಡಳಿಗೆ ಬಂತು. ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದಲ್ಲಿ ಇಳಿದು ನಡೆದರೆ ಸಿಗುವ ಆವರಣ, ಹಿಂದೆ ಜೈಲಾಗಿತ್ತು. 1882ರಲ್ಲಿ ತಿಲಕರೂ ಅವರ ಸಂಗಾತಿ ಅಗರಕರರೂ 101 ದಿನ ಕಳೆದದ್ದು ಡೋಂಗ್ರಿಯ ಜೈಲಿನಲ್ಲೇ. ಸುತ್ತಲಿನ ಜನ ಈಗಲೂ ಬಚ್ಚಾ ಜೇಲ್ ಎನ್ನುತ್ತಾರೆ. ನಮ್ಮವರಿಗೆ ರಿಮ್ಯಾಂಡ್ ಹೋಮ್, ಸರಕಾರಿ ಕನ್ನಡದಲ್ಲಿ ವೀಕ್ಷಣಾಲಯ, ಪ್ರಕರಣ ನಡೆಯುತ್ತಿರುವಾಗ ಮಕ್ಕಳನ್ನು ಇರಿಸುವ ಜಾಗ. ಗೋಡೆ ಜೈಲಿನದಾದರೂ ಒಳಗಿನ ಮಂಡಳಿ ಹಾಗಿಲ್ಲ. ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಇಲ್ಲಿ ನಡೆಯುವುದನ್ನು ಕಾನೂನು ಮೊಕದ್ದಮೆ ಎನ್ನುವುದಿಲ್ಲ. ಕನ್ನಡದಲ್ಲಿ ಕಷ್ಟವೆಂದರೆ, ಕೊಲೆ ಆರೋಪಿಯನ್ನು ನ್ಯಾಯಾಲಯ ಮಾಡುವುದೂ ವಿಚಾರಣೆ, ಮಂಡಳಿ ಮಾಡುವುದೂ ವಿಚಾರಣೆ, ನಂಟರು ಬಂದು ಯೋಗಕ್ಷೇಮ ಕೇಳುವುದೂ ವಿಚಾರಿಸುವುದೇ. ಮಂಡಳಿಯ ವಿಚಾರಣೆ ಈ ಮೂರನೆಯದಕ್ಕೆ ಹತ್ತಿರವಿರಲೆಂದು ಕಾಯ್ದೆಯ ಆಸೆ. ಎಷ್ಟು ದಿನ ಹಾಗಿರುತ್ತದೆ ಎಂಬುದು ಅಂದು ಎದುರಿನ ಮೇಜಿನಲ್ಲಿ ಎಷ್ಟು ಕಡತಗಳಿವೆ ಎಂಬುದರ ಮೇಲೆ ನಿಂತಿದೆ.

ಜಾಮೀನಿನ ಮಾತು ಬಂತು. ಮಕ್ಕಳ ವಿಷಯದಲ್ಲಿ ಆರೋಪ ಜಾಮೀನು ಸಿಗುವಂಥದ್ದೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ, ಬಿಡುವುದೇ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯದ ಉದ್ದೇಶ ಕೆಡುತ್ತದೆ ಎಂದು ಕಂಡರೆ ಮಾತ್ರ ತಡೆಹಿಡಿಯಬಹುದು, ಕಾರಣವನ್ನು ಬರೆದು. ಪುಣೆಯ ಕಲ್ಯಾಣಿನಗರದಲ್ಲಿ 2024ರ ಮೇ 19ರಂದು ಇಬ್ಬರು ಯುವ ಎಂಜಿನಿಯರುಗಳು ಕಾರು ಬಡಿದು ಸತ್ತಾಗ, ಆ ಕಾರು ಓಡಿಸುತ್ತಿದ್ದನೆಂಬ ಆರೋಪ ಹೊತ್ತ ಹದಿನೇಳರ ಹುಡುಗನಿಗೆ ಅದೇ ದಿನ ಜಾಮೀನು ಕೊಟ್ಟು 300 ಪದಗಳ ಪ್ರಬಂಧ ಬರೆಯಲು ಹೇಳಿದರೆಂದು ದೇಶವೇ ಸಿಟ್ಟಾಯಿತು. ಪ್ರಬಂಧದ ಬಗ್ಗೆ ಸಿಟ್ಟಿಗೆ ಕಾರಣವಿತ್ತು. ಆದರೆ ಜನರ ಕೂಗಿನ ನಂತರ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿದ್ದು ಕಾನೂನಿಗೆ ಸರಿಯಲ್ಲವೆಂದು ಬಾಂಬೆ ಹೈಕೋರ್ಟು ಜೂನ್ 25ರಂದು ಬಿಡುಗಡೆಗೆ ಆದೇಶಿಸಿತು. ಆ ಹುಡುಗನಿಗೆ ಅಂದೇ ಸಿಕ್ಕ ಜಾಮೀನು ವಡಾಳಾದ ಹುಡುಗನಿಗೆ ಏಕೆ ಅಷ್ಟು ಬೇಗ ಸಿಗಲಿಲ್ಲ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಕಾನೂನು ಇಬ್ಬರಿಗೂ ಒಂದೇ ಇತ್ತು.

ಆ ಪ್ರಕರಣದಲ್ಲೇ ನೀವು ಕೇಳಿದ ಇನ್ನೊಂದು ಮಾತು, ದೊಡ್ಡವನಂತೆ ವಿಚಾರಿಸಬೇಕು ಎಂಬುದು. ಹದಿನಾರು ತುಂಬಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ, ಹಾಗೆ ವಿಚಾರಿಸಬೇಕೇ ಬೇಡವೇ ಎಂದು ತೀರ್ಮಾನಿಸಲು ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ. ಘೋರ ಎಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷವಿರುವಂಥದ್ದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿತು. ಪುಣೆಯ ಪೊಲೀಸರ ಅರ್ಜಿಯನ್ನು ಮಂಡಳಿ 2025ರ ಜುಲೈಯಲ್ಲಿ ತಳ್ಳಿಹಾಕಿತು. ಆ ಕೃತ್ಯ ಮಾಡುವಷ್ಟು ಮನಸ್ಸು ಮೈ ಬಲಿತಿತ್ತೇ, ಪರಿಣಾಮ ಅರ್ಥವಾಗಿತ್ತೇ, ಯಾವ ಸಂದರ್ಭದಲ್ಲಿ ನಡೆಯಿತು ಎಂಬುದನ್ನು ನೋಡುವುದೇ ಮೌಲ್ಯಮಾಪನ, ಕೃತ್ಯ ಮಾಡಿದನೇ ಎಂಬುದನ್ನಲ್ಲ. ಮೂರು ತಿಂಗಳಲ್ಲಿ ಮುಗಿಯಬೇಕು ಎಂದಿದ್ದರೂ, ಆ ಗಡುವು ಕಡ್ಡಾಯವಲ್ಲ ಎಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ.

ನನ್ನ ತಕರಾರು ಗಡುವಿನದಲ್ಲ, ಭಾಷೆಯದು. ಈ ಮೌಲ್ಯಮಾಪನಕ್ಕೆ ನೆರವಾಗುವ ಮನಃಶಾಸ್ತ್ರಜ್ಞರು ಹಿಂದಿಯಲ್ಲಿ ಕೇಳುತ್ತಾರೆ, ಕನ್ನಡದಲ್ಲಿ ಯೋಚಿಸುವ ಹುಡುಗ ಹೋಟೆಲಿನಲ್ಲಿ ಕಲಿತ ಹಿಂದಿಯಲ್ಲಿ ಹೂಂ ಎನ್ನುತ್ತಾನೆ. ‘ಪರಿಣಾಮ ಗೊತ್ತಿತ್ತೇ’ ಎಂಬ ಪ್ರಶ್ನೆಗೆ ಆ ಹೂಂ ಏನನ್ನು ಅಳೆಯಿತು? ಮಗುವಿಗೆ ನಡಾವಳಿಯ ಭಾಷೆ ತಿಳಿಯದಿದ್ದರೆ ದುಭಾಷಿಯನ್ನು ಕೊಡುವುದು ಮಂಡಳಿಯ ಕರ್ತವ್ಯವೆಂದು ಕಾಯ್ದೆಯ ಎಂಟನೇ ಕಲಮಿನಲ್ಲೇ ಇದೆ. ಕೇಳಿದರೆ ಸಿಗುತ್ತದೆ. ಉಚಿತ ವಕೀಲರೂ ಅಷ್ಟೇ. ಕೇಳುವವರಿಲ್ಲ, ಏಕೆಂದರೆ ಹಿಂದಿ ಬರುವುದಿಲ್ಲ ಎನ್ನಲು ಮುಂಬಯಿಯಲ್ಲಿ ನಮ್ಮ ಹುಡುಗರಿಗೆ ನಾಚಿಕೆ.

ನಮ್ಮ ಹುಡುಗನ ಕತೆಗೆ ಮರಳೋಣ. ಎರಡು ವಾರದೊಳಗೆ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್, ಮಗುವಿನ ಮನೆ ಬದುಕು ನೋಡಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಅವರು ವಡಾಳಾದ ಜೋಪಡಿಗೆ ಹೋದಾಗ, ಬಂದವರು ಪೊಲೀಸರೆಂದು ಹೆದರಿ ಅಕ್ಕಪಕ್ಕದವರು ಇಲ್ಲಿ ಅಂಥವರು ಯಾರೂ ಇಲ್ಲ ಎಂದುಬಿಟ್ಟರು. ನೆರೆಯವರ ಒಳ್ಳೆಯತನದಿಂದ ಹುಡುಗ ವಿಳಾಸವಿಲ್ಲದವನಾದ. ನಾನೇ ಜೊತೆಗೆ ಹೋಗಿ, ಕನ್ನಡದಲ್ಲಿ ಕೂಗಿ ಕರೆದ ಮೇಲೆ ಬಾಗಿಲು ತೆರೆಯಿತು. ಒಲೆಯ ಪಕ್ಕದ ಗೂಡಿನಲ್ಲಿ ಅವನ ಏಳನೇ ತರಗತಿಯ ಗಣಿತದ ಪುಸ್ತಕವಿತ್ತು. ಅಧಿಕಾರಿ ಅದನ್ನೂ ವರದಿಯಲ್ಲಿ ಬರೆದರು.

ತಾಯಿಯ ಮುಚ್ಚಳಿಕೆಯ ಮೇಲೆ ಬಿಡುವುದೆಂದು ಆದೇಶವಾಯಿತು. ಗುಮಾಸ್ತರು ಮುಚ್ಚಳಿಕೆ ತುಂಬುತ್ತ ಮಗನ ಜನ್ಮ ದಿನಾಂಕ ಕೇಳಿದರು. ನಾನು ಅನುವಾದಿಸಿದೆ. ಆಕೆ ಕಾಗದದತ್ತ ನೋಡದೆ ಹೇಳಿದಳು: ‘ಎಳ್ಳಮಾವಾಸ್ಯೆಯ ಮರುದಿನ. ಹೊಲಕ್ಕೆ ಚರಗ ಚೆಲ್ಲಿ ಬಂದ ರಾತ್ರಿಯೇ ಬೇನೆ ಶುರುವಾಗಿತ್ತು.’ ಅದನ್ನೂ ಅನುವಾದಿಸಲೇ ಬೇಡವೇ ಎಂದು ಒಂದು ಗಳಿಗೆ ತಡೆದೆ, ಆಮೇಲೆ ಹೇಳಿದೆ. ಸೋಲಾಪುರದ ಕಡೆಯವರಾದ ಗುಮಾಸ್ತರು ನಕ್ಕು, ಒಂದು ಜೂನ್ ಎಂದು ಬರೆದರು. ‘ನನ್ನದೂ ಅದೇ ತಾರೀಖು’ ಎಂದರು ಮರಾಠಿಯಲ್ಲಿ, ‘ನಮ್ಮ ಮಾಸ್ತರರಿಗೂ ಅಷ್ಟೇ ಗೊತ್ತಿದ್ದದ್ದು.’