ಬರಿಗಾಲ ನಡಿಗೆ ಮತ್ತು ನಮ್ಮ ಉದ್ಯಾನಗಳ ನೆಲ

ಮಾನ್ಯ ಹಿರಿಯರೇ, ಬಡಾವಣೆಯ ಉದ್ಯಾನದಲ್ಲಿ ದಿನವೂ ಬೆಳಗ್ಗೆ ಜೊತೆಯಾಗಿ ನಡೆಯುವ ಗೆಳೆಯರೇ,

ಬರಿಗಾಲಲ್ಲಿ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದೇ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಒಳ್ಳೆಯದು ಎಂದೇ ನನ್ನ ಉತ್ತರ. ಆದರೆ ಯಾರಿಗೆ, ಯಾವ ನೆಲದ ಮೇಲೆ ಎಂಬುದನ್ನು ಬಿಟ್ಟು ಅಷ್ಟನ್ನೇ ಹೇಳಿದರೆ ಅದು ಅರೆ ಉತ್ತರವಾಗುತ್ತದೆ.

ನಮ್ಮ ಒಂದೊಂದು ಪಾದದಲ್ಲೂ 26 ಮೂಳೆಗಳಿವೆ, 33 ಕೀಲುಗಳಿವೆ. ಅಂಗಾಲಿನ ಚರ್ಮದಡಿಯ ನರತುದಿಗಳು ನೆಲ ಎತ್ತ ವಾಲಿದೆ, ಎಲ್ಲಿ ಜಾರುತ್ತದೆ ಎಂಬುದನ್ನು ಹೆಜ್ಜೆಹೆಜ್ಜೆಗೂ ಮಿದುಳಿಗೆ ತಿಳಿಸುತ್ತಿರುತ್ತವೆ. ಕತ್ತಲಲ್ಲಿಯೂ ನಾವು ಮುಗ್ಗರಿಸದೆ ನಡೆಯುವುದರಲ್ಲಿ ಅವುಗಳ ಪಾಲು ದೊಡ್ಡದು. ಬರಿಗಾಲಲ್ಲಿ ಓಡಾಡಿ ದಡ್ಡುಗಟ್ಟಿದ ಪಾದಕ್ಕೆ ಸ್ಪರ್ಶಜ್ಞಾನ ಕಡಿಮೆ ಎಂಬ ನಂಬಿಕೆ ಬಹುಕಾಲ ಇತ್ತು. ಕೀನ್ಯಾ ಮತ್ತು ಅಮೆರಿಕದ ಜನರ ಪಾದಗಳನ್ನು ಪರೀಕ್ಷಿಸಿ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ದಡ್ಡು ಎಷ್ಟೇ ದಪ್ಪವಾಗಿದ್ದರೂ ಅಂಗಾಲಿನ ಅರಿವು ಕುಂದುವುದಿಲ್ಲ ಎಂದು ತೋರಿಸಿತು.

ನಮ್ಮ ರಾಜ್ಯದಲ್ಲೇ ನಡೆದ ಕೆಲಸವೊಂದನ್ನು ನಾನು ಅದಕ್ಕಿಂತಲೂ ಹೆಚ್ಚು ಅಭಿಮಾನದಿಂದ ನೆನೆಯುತ್ತೇನೆ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 4ರಿಂದ 13 ವರ್ಷದೊಳಗಿನ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದ, ಅಂದರೆ ಅಂಗಾಲಿನ ನಡುವಿನ ಕಮಾನು ಸರಿಯಾಗಿ ಮೂಡದ ಪಾದ, ಇದ್ದರೆ, ತೊಡದವರಲ್ಲಿ ಅದು ಶೇ 2.8ರಷ್ಟು ಮಾತ್ರ. ಮುಂಭಾಗ ಮುಚ್ಚಿದ ಶೂ ತೊಡುವವರಲ್ಲಿ ಚಪ್ಪಟೆ ಪಾದ ಅತಿ ಹೆಚ್ಚು, ಚಪ್ಪಲಿ ತೊಡುವವರಲ್ಲಿ ಅದಕ್ಕಿಂತ ಕಡಿಮೆ. ಮೂರು ವರ್ಷ ತುಂಬುವ ಮೊದಲೇ ಮಕ್ಕಳ ಕಾಲನ್ನು ದಿನವಿಡೀ ಶೂಗಳಲ್ಲಿ ಬಿಗಿಯುವ ತಂದೆತಾಯಂದಿರು ಈ ಅಂಕಿಗಳನ್ನು ಒಮ್ಮೆ ಯೋಚಿಸಿ ನೋಡಬೇಕು.

ಬೆಂಗಳೂರಿನಲ್ಲಿ ಬರಿಗಾಲಿಗೆ ಒಳ್ಳೆಯ ನೆಲ ಯಾವುದೆಂದು ಕೇಳಿದರೆ ನಾನು ಲಾಲ್‌ಬಾಗಿನ ಬಂಡೆಯನ್ನು ತೋರಿಸುತ್ತೇನೆ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಶಿಲೆಯ ಮೇಲೆ, ಬಿಸಿಲೇರುವ ಮೊದಲು, ಕೆಂಪೇಗೌಡ ಗೋಪುರದ ಕಡೆಗೆ ಚಪ್ಪಲಿ ಕಳಚಿ ಹತ್ತಿ ನೋಡಿ. ಮಳೆನೀರು ಹರಿದು ಸವೆದ ಕಡೆ ಕಲ್ಲು ನುಣುಪಾಗಿರುತ್ತದೆ, ಪಕ್ಕದಲ್ಲೇ ತರಿತರಿಯಾಗಿರುತ್ತದೆ; ಉದುರಿದ ಹರಳುಗಳು ಬೆರಳ ಸಂದಿಗೆ ಸೇರಿಕೊಳ್ಳುತ್ತವೆ. ಇಳಿಜಾರಿನಲ್ಲಿ ಬೆರಳುಗಳು ತಾವಾಗಿಯೇ ಅಗಲವಾಗಿ ನೆಲವನ್ನು ಹಿಡಿಯುತ್ತವೆ, ಹೆಜ್ಜೆ ಗಿಡ್ಡವಾಗುತ್ತದೆ, ಹಿಮ್ಮಡಿ ಮೆಲ್ಲಗೆ ಊರುತ್ತದೆ. ಪಾದದ ಚಿಕ್ಕ ಸ್ನಾಯುಗಳಿಗೆ ಸಿಗುವ ನಿಜವಾದ ವ್ಯಾಯಾಮ ಇದು.

ಭೂಮಿಯಿಂದ ಎಲೆಕ್ಟ್ರಾನುಗಳು ಅಂಗಾಲಿನ ಮೂಲಕ ದೇಹಕ್ಕೆ ಹರಿದು ಕಾಯಿಲೆಗಳನ್ನು ವಾಸಿಮಾಡುತ್ತವೆ ಎಂಬ ಪ್ರಚಾರವನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಆಧಾರವಾಗಿ ತೋರಿಸುವ ಪ್ರಯೋಗಗಳು ತೀರಾ ಚಿಕ್ಕವು. ನಮ್ಮ ಹಿರಿಯರೆಲ್ಲ ಬರಿಗಾಲನ್ನೇ ಮೆಚ್ಚಿದ್ದರು ಎಂಬ ಮಾತೂ ಪೂರ್ತಿ ನಿಜವಲ್ಲ; ದಿನಚರ್ಯೆಯನ್ನು ಹೇಳುವ ಆಯುರ್ವೇದ ಗ್ರಂಥಗಳು ಹೊರಗೆ ಹೋಗುವಾಗ ಪಾದರಕ್ಷೆ ತೊಡಬೇಕೆಂದೂ, ಪಾದಗಳಿಗೆ ಎಣ್ಣೆ ತಿಕ್ಕಬೇಕೆಂದೂ ಹೇಳುತ್ತವೆ.

ಇನ್ನು ನನಗೆ ಅತ್ಯಂತ ಕಾಳಜಿಯ ವಿಷಯ. ಈ ಸಭೆಯಲ್ಲಿರುವ ಬಹಳಷ್ಟು ಮಂದಿ ನಡೆಯಲು ಆರಂಭಿಸಿದ್ದೇ ಸಕ್ಕರೆ ಕಾಯಿಲೆಗಾಗಿ ವೈದ್ಯರು ಹೇಳಿದ ಮೇಲೆ. ಆ ಕಾಯಿಲೆ ವರ್ಷಗಳು ಕಳೆದಂತೆ ಪಾದದ ನರಗಳನ್ನು ಕೆಡಿಸಬಲ್ಲದು. ಆಗ ಮುಳ್ಳು ಚುಚ್ಚಿದರೂ ನೋವಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ, ಕೊನೆಗೆ ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಬರಬಹುದು. ಅಂಥವರು ಹುಲ್ಲಿನ ಮೇಲೂ ಬರಿಗಾಲಲ್ಲಿ ನಡೆಯಬಾರದು. ಪಾದದ ಅರಿವು ಕುಂದಿದೆಯೇ ಎಂದು ತಿಳಿಯುವ ಪರೀಕ್ಷೆ ಸುಲಭವಾಗಿದೆ: 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯೊಂದನ್ನು ವೈದ್ಯರು ಅಂಗಾಲಿನ ಕೆಲವು ಜಾಗಗಳಲ್ಲಿ ಒತ್ತುತ್ತಾರೆ, ನೀವು ಕಣ್ಣು ಮುಚ್ಚಿ ಮುಟ್ಟಿದ್ದು ತಿಳಿದಾಗ ಹೇಳಬೇಕು. ಸಕ್ಕರೆ ಕಾಯಿಲೆಯುಳ್ಳವರು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಿಸಿಕೊಳ್ಳಬೇಕು, ಪ್ರತಿ ರಾತ್ರಿ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳಬೇಕು. ಉಳಿದವರಿಗೂ ಒಂದು ಎಚ್ಚರಿಕೆ ಉಂಟು: ಮಲದಿಂದ ಕೆಟ್ಟ ತೇವದ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮವನ್ನು ತೂರಿ ಒಳಸೇರುತ್ತವೆ. ಕರುಳಿಗೆ ತಲುಪಿ ರಕ್ತ ಹೀರಿ ರಕ್ತಹೀನತೆ ತರುತ್ತವೆ.

ಹೊಸದಾಗಿ ತೊಡಗುವವರಿಗೆ ಮೊದಲು ಹತ್ತು ನಿಮಿಷ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜು ಹಿಡಿದುಕೊಳ್ಳುತ್ತವೆ. ಮನೆಗೆ ಬಂದ ಮೇಲೆ ಪಾದಗಳನ್ನು ತೊಳೆದು ಬೆರಳ ಸಂದಿಗಳನ್ನು ಒಣಗಿಸಿಕೊಳ್ಳಿ.

ನಮ್ಮ ಉದ್ಯಾನದ ನಡಿಗೆ ಹಾದಿಗೆ ಪೂರ್ತಿ ಇಂಟರ್‌ಲಾಕ್ ಇಟ್ಟಿಗೆ ಹಾಸಲಾಗಿದೆ. ಅದನ್ನು ಕೀಳಬೇಕೆಂದು ನಾನು ಹೇಳುತ್ತಿಲ್ಲ. ಗಾಲಿಕುರ್ಚಿಗೆ, ಊರುಗೋಲಿಗೆ ಅದು ಅನುಕೂಲ. ಆದರೆ ಮುಂದಿನ ದುರಸ್ತಿಯ ಹೊತ್ತಿಗೆ, ಹಾದಿಯ ಒಳಬದಿಯಲ್ಲಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲದ ಮಣ್ಣಿನ ಪಟ್ಟಿಯೊಂದನ್ನು ಬಿಡಿಸಿಕೊಳ್ಳಬೇಕೆಂದು ಈ ಸಂಘವನ್ನು ಕೇಳಿಕೊಳ್ಳುತ್ತೇನೆ. ಅಲ್ಲಿ ಕೆಮ್ಮಣ್ಣಿಗೆ ಮರಳು ಬೆರೆಸಿ ದಮ್ಮಸ್ಸು ಮಾಡಿರಬೇಕು, ನಾಯಿಗಳು ಬರದಂತೆ ಬೇಲಿಯಿರಬೇಕು, ಪ್ರತಿದಿನ ಬೆಳಗ್ಗೆ ಗಾಜು ಮುಳ್ಳುಗಳನ್ನು ಗುಡಿಸಿ ತೆಗೆಯಬೇಕು, ಕೊನೆಯಲ್ಲಿ ಕಾಲು ತೊಳೆಯಲು ಒಂದು ನಲ್ಲಿ ಮತ್ತು ಕೂರಲು ಒಂದು ಕಲ್ಲುಬೆಂಚು ಇರಬೇಕು.