ಮಾತಿಗೆ ಮರುಮಾತು: ಸಂಬಂಧ ಬೆಳೆಯುವ ಬಗೆ

ಸಭಿಕರೆಲ್ಲರಿಗೂ ನಮಸ್ಕಾರ.

ಸಂಜೆ ಕೆಲಸದಿಂದ ಮನೆಗೆ ಬಂದ ಹೆಂಡತಿ ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ಯಾರ ಕಡೆಗೂ ನೋಡದೆ, "ಇವತ್ತು ಯಾಕೋ ಸಾಕುಸಾಕಾಗಿ ಹೋಯಿತು" ಎನ್ನುತ್ತಾಳೆ. ಅಲ್ಲೇ ಕುಳಿತ ಗಂಡ ಮೊಬೈಲಿನಿಂದ ಕಣ್ಣು ಕೀಳದೆ "ಹೂಂ" ಎನ್ನಬಹುದು. "ನನಗೇನು ಕಡಿಮೆಯೇ? ನನಗೂ ಸಾಕಾಗಿದೆ" ಎನ್ನಬಹುದು. ಇಲ್ಲವೇ ಮೊಬೈಲನ್ನು ಬದಿಗಿಟ್ಟು, "ಯಾಕೆ, ಏನಾಯಿತು?" ಎಂದು ಕೇಳಬಹುದು. ಮೂರು ಸೆಕೆಂಡುಗಳಲ್ಲಿ ಮುಗಿದುಹೋಗುವ ಇಂಥ ಪ್ರಸಂಗದಲ್ಲಿ ನಡೆಯುವುದೇನು ಎಂಬುದನ್ನು ಅರಿಯಲು ಸಂವಹನಶಾಸ್ತ್ರ ಮುಕ್ಕಾಲು ಶತಮಾನದಿಂದ ಶ್ರಮಿಸುತ್ತಿದೆ. ಆ ಸಿದ್ಧಾಂತಗಳಲ್ಲಿ ಕೆಲವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅವುಗಳನ್ನು ಓದುತ್ತ ಬಂದಂತೆ ನನ್ನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವನ್ನೂ ಹೇಳುತ್ತೇನೆ. ಸಂಬಂಧ ಮಾತಿನಿಂದ ಬೆಳೆಯುತ್ತದೆ ಎಂದು ನಾವು ಸಾಮಾನ್ಯವಾಗಿ ನಂಬಿರುತ್ತೇವೆ. ನನ್ನ ಎಣಿಕೆಯಲ್ಲಿ ಅದು ಚಿಗುರುವುದೂ ಸೊರಗುವುದೂ ಮರುಮಾತಿನಲ್ಲಿ.

1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಕ್ಲಾಡ್ ಶಾನನ್ ಸಂವಹನದ ಗಣಿತ ಸಿದ್ಧಾಂತವನ್ನು ಪ್ರಕಟಿಸಿದರು. ಮರುವರ್ಷ ವಾರನ್ ವೀವರ್ ಅವರ ವಿವರಣೆಯೊಂದಿಗೆ ಅದು ಪುಸ್ತಕವಾಗಿ ಬಂತು. ಸಂದೇಶ ಹೊರಡುವ ಮೂಲ, ಅದು ಸಾಗುವ ವಾಹಕ, ನಡುವೆ ನುಸುಳುವ ಗದ್ದಲ, ಕೊನೆಗೆ ಅದನ್ನು ಪಡೆಯುವವನು ಎಂಬ ಈ ನಕ್ಷೆ ದೂರವಾಣಿ ತಂತಿಯ ಸಮಸ್ಯೆಗೆ ಅತ್ಯಂತ ಸಮರ್ಪಕವಾಗಿತ್ತು. ಸಂದೇಶದ ಅರ್ಥವೇನು ಎಂಬುದು ಎಂಜಿನಿಯರಿಂಗ್ ಸಮಸ್ಯೆಗೆ ಅಪ್ರಸ್ತುತ ಎಂದು ಶಾನನ್ ಆರಂಭದಲ್ಲಿಯೇ ಸ್ಪಷ್ಟಪಡಿಸಿದ್ದರು. ಆದರೂ ಅದೇ ನಕ್ಷೆಯನ್ನು ಮನುಷ್ಯರ ಮಾತುಕತೆಗೂ ಯಥಾವತ್ತಾಗಿ ಹೊಂದಿಸಲು ಅನೇಕರು ಹೊರಟರು. ಹಾಗೆ ಹೊಂದಿಸಿದರೆ ಆ ಗಂಡನ "ಹೂಂ"ನಲ್ಲಿ ಯಾವ ಲೋಪವೂ ಕಾಣುವುದಿಲ್ಲ, ಏಕೆಂದರೆ ಸಂದೇಶ ತಲುಪಿದೆ ಮತ್ತು ತಲುಪಿತೆಂಬ ಸೂಚನೆಯೂ ಮರಳಿ ಬಂದಿದೆ. ಆದರೆ ಹೆಂಡತಿಗೆ ನೋವಾಗಿದೆ, ಮತ್ತು ಆ ನೋವನ್ನು ಗುರುತಿಸಲು ಈ ನಕ್ಷೆಯಲ್ಲಿ ಜಾಗವೇ ಇಲ್ಲ.

ಆ ಜಾಗವನ್ನು ತೋರಿಸಿಕೊಟ್ಟವರು ಪಾಲ್ ವಾಟ್ಜ್ಲಾವಿಕ್, ಜಾನೆಟ್ ಬೀವಿನ್ ಮತ್ತು ಡಾನ್ ಜಾಕ್ಸನ್. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ, ಮಾನವಶಾಸ್ತ್ರಜ್ಞ ಗ್ರೆಗರಿ ಬೇಟ್ಸನ್ ಅವರ ಚಿಂತನೆಯ ಪ್ರಭಾವದಲ್ಲಿ ಕೆಲಸ ಮಾಡಿದ ಈ ಮೂವರು 1967ರಲ್ಲಿ ಹೊರತಂದ ಕೃತಿಯಲ್ಲಿ, ಪ್ರತಿ ಮಾತಿಗೂ ಎರಡು ನೆಲೆಗಳಿರುತ್ತವೆ ಎಂದರು. ಒಂದು, ಹೇಳಿದ ವಿಷಯ. ಇನ್ನೊಂದು, ಹೇಳುವವನು ಕೇಳುವವನನ್ನು ಏನೆಂದು ಭಾವಿಸಿದ್ದಾನೆ ಎಂಬ ಸಂಬಂಧದ ಸೂಚನೆ. "ಕಿಟಕಿ ತೆರೆದಿದೆ" ಎಂಬುದು ಮಾಹಿತಿ. "ಕಿಟಕಿ ತೆರೆದೇ ಇದೆಯಲ್ಲ" ಎಂದೊಡನೆ ಅದೇ ಮಾಹಿತಿ ಆಕ್ಷೇಪಣೆಯಾಗುತ್ತದೆ; ಒಂದು "ಏ"ಕಾರ, ಒಂದು "ಅಲ್ಲ", ಇಷ್ಟರಿಂದಲೇ ಕೇಳುವವನು ಅಪರಾಧಿಯ ಸ್ಥಾನದಲ್ಲಿ ನಿಲ್ಲುತ್ತಾನೆ. ಸಂವಹನ ಮಾಡದೆ ಇರಲು ಮನುಷ್ಯನಿಗೆ ಸಾಧ್ಯವೇ ಇಲ್ಲ ಎಂಬುದು ಇವರ ಇನ್ನೊಂದು ಸೂತ್ರ. ಮೌನವೂ, ಮುಖ ತಿರುಗಿಸುವುದೂ, ಉತ್ತರಿಸದೆ ಬಿಟ್ಟ ಸಂದೇಶವೂ ಏನನ್ನೋ ಹೇಳಿಯೇ ಹೇಳುತ್ತವೆ.

ಜಗಳಗಳ ಬಗ್ಗೆ ಅವರು ಹೇಳಿದ್ದು ನನಗೆ ಇನ್ನೂ ಮುಖ್ಯವೆನಿಸುತ್ತದೆ. "ನೀನು ಸದಾ ಗೊಣಗುತ್ತೀಯ, ಅದಕ್ಕೇ ನಾನು ಸುಮ್ಮನಿರುತ್ತೇನೆ" ಎಂದು ಗಂಡ, "ನೀನು ಬಾಯಿ ಬಿಡುವುದಿಲ್ಲ, ಅದಕ್ಕೇ ನಾನು ಗೊಣಗುತ್ತೇನೆ" ಎಂದು ಹೆಂಡತಿ. ಇಬ್ಬರೂ ಒಂದೇ ಸರಪಳಿಯನ್ನು ಹಿಡಿದಿದ್ದಾರೆ. ಅದರ ಮೊದಲ ಕೊಂಡಿ ಯಾವುದು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. ಪ್ರತಿಯೊಬ್ಬರೂ ತಮ್ಮ ಮಾತನ್ನು ಮರುಮಾತು ಎಂದೇ ಎಣಿಸುತ್ತಾರೆ, ಆರಂಭ ಎಂದು ಯಾರೂ ಒಪ್ಪುವುದಿಲ್ಲ.

ಸಂಬಂಧದ ಸೂಚನೆ ಎಷ್ಟು ಸೂಕ್ಷ್ಮವಾಗಿರಬಲ್ಲದು ಎಂಬುದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಉದಾಹರಣೆಯಿದೆ. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ ಏಕವಚನ ಮತ್ತು ಗೌರವವಾಚಕ ಸರ್ವನಾಮಗಳನ್ನು ಪರಿಶೀಲಿಸಿ, ಅವುಗಳ ಹಿಂದೆ ಅಧಿಕಾರ ಮತ್ತು ಆಪ್ತತೆ ಎಂಬ ಎರಡು ಅಳತೆಗಳು ಕೆಲಸ ಮಾಡುತ್ತವೆ ಎಂದು ತೋರಿಸಿದರು. ನಮ್ಮ "ನೀನು" ಮತ್ತು "ನೀವು"ಗಳಿಗೂ ಇದು ಸಲ್ಲುತ್ತದೆ. ಸಮವಯಸ್ಕರಾದ ಇಬ್ಬರು ಸಹೋದ್ಯೋಗಿಗಳು ಎರಡು ವರ್ಷ "ಹೇಳಿ", "ಬನ್ನಿ", "ನೋಡಿ" ಎಂದೇ ಮಾತಾಡಿಕೊಂಡಿರುತ್ತಾರೆ. ಒಂದು ದಿನ ಒಬ್ಬನ ಬಾಯಿಂದ "ಸ್ವಲ್ಪ ಇಲ್ಲಿ ಬಾ, ಇದನ್ನು ನೋಡು" ಎಂದು ಬಂದುಬಿಡುತ್ತದೆ. ಇನ್ನೊಬ್ಬ "ಬಂದೆ, ಇರು" ಎಂದರೆ ಅಂದಿನಿಂದ ಅವರ ಸಂಬಂಧವೇ ಬೇರೆ. "ಬಂದೆ, ಇರಿ" ಎಂದರೆ ಮೊದಲನೆಯವನು ಮುಂದಿನ ವಾಕ್ಯದಲ್ಲೇ "ನೀವು"ಗೆ ಹಿಂದಿರುಗುತ್ತಾನೆ. ಉಕಾರ ಮತ್ತು ಇಕಾರದ ನಡುವಿನ ವ್ಯತ್ಯಾಸ ಇಷ್ಟೇ. ಆದರೆ ಒಬ್ಬನು ಮುಂದಿಟ್ಟ ಹೆಜ್ಜೆಯನ್ನು ಇನ್ನೊಬ್ಬನು ಒಪ್ಪಿದನೋ ಇಲ್ಲವೋ ಎಂಬುದು ಅದರಲ್ಲಿ ತೀರ್ಮಾನವಾಗಿಬಿಟ್ಟಿತು. ಈ ವಿಷಯವನ್ನು ಅವರಿಬ್ಬರೂ ಎಂದಿಗೂ ಬಾಯಿಬಿಟ್ಟು ಚರ್ಚಿಸುವುದಿಲ್ಲ.

ಈ ಹಂತದಲ್ಲಿ ಒಂದು ತಪ್ಪು ಕಲ್ಪನೆಯನ್ನು ಬದಿಗೆ ಸರಿಸಬೇಕು. ಸಂವಹನದಲ್ಲಿ ಶೇಕಡ 93 ಭಾಗ ಮಾತಿನಾಚೆಯದು, ಪದಗಳ ಪಾಲು ಶೇಕಡ 7 ಮಾತ್ರ ಎಂದು ಎಷ್ಟೋ ತರಬೇತಿಗಳಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಇದರ ಮೂಲ 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ಪ್ರಕಟಿಸಿದ ಎರಡು ಅಧ್ಯಯನಗಳು. ಬಿಡಿ ಪದಗಳು, ಧ್ವನಿ ಮತ್ತು ಮುಖಭಾವಗಳು ಪರಸ್ಪರ ಹೊಂದದಿದ್ದಾಗ, ಹೇಳುವವನಿಗೆ ತಮ್ಮ ಮೇಲೆ ಒಲವಿದೆಯೇ ಇಲ್ಲವೇ ಎಂಬುದನ್ನು ಜನ ಯಾವುದರಿಂದ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಎಲ್ಲ ಸಂವಹನಕ್ಕೂ ಆ ಅಂಕಿಗಳು ಅನ್ವಯಿಸುವುದಿಲ್ಲ ಎಂದು ಸ್ವತಃ ಮೆಹ್ರೇಬಿಯನ್ ಹೇಳಿದ್ದಾರೆ.

ಇನ್ನು ಸಂಬಂಧ ಮೊಳೆಯುವ ಬಗೆ. ಅದರ ಆರಂಭದಲ್ಲಿ ಆಯ್ಕೆಗಿಂತ ಆಕಸ್ಮಿಕದ ಪಾಲೇ ಹೆಚ್ಚು ಎಂಬುದು ನಮಗೆ ಅಷ್ಟು ಹಿಡಿಸದ ಸತ್ಯ. ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು ಅಮೆರಿಕದ ಎಂಐಟಿಯ ವಿವಾಹಿತ ವಿದ್ಯಾರ್ಥಿಗಳ ವಸತಿಸಮುಚ್ಚಯದಲ್ಲಿ ನಡೆಸಿ 1950ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಕ್ಕದ ಮನೆಯವರೊಂದಿಗೆ ಸ್ನೇಹ ಬೆಳೆದ ಪ್ರಮಾಣ ಶೇಕಡ 41 ಇದ್ದರೆ, ಅದೇ ಮಹಡಿಯ ಇನ್ನೊಂದು ತುದಿಯವರೊಂದಿಗೆ ಅದು ಶೇಕಡ 10 ಮಾತ್ರ ಇತ್ತು. ಹೀಗೆ ಎದುರುಬದುರಾದ ಅಪರಿಚಿತರು ಮೊದಲು ಮಾಡುವುದೇನು ಎಂಬುದಕ್ಕೆ ಚಾರ್ಲ್ಸ್ ಬರ್ಗರ್ ಮತ್ತು ರಿಚರ್ಡ್ ಕ್ಯಾಲಬ್ರೀಸ್ 1975ರಲ್ಲಿ ಮಂಡಿಸಿದ ಸಿದ್ಧಾಂತ ಉತ್ತರ ಕೊಡುತ್ತದೆ. ಎದುರಿನವನು ಹೇಗೆ ವರ್ತಿಸಿಯಾನು ಎಂಬ ಅನಿಶ್ಚಿತತೆಯೇ ಮೊದಲ ಭೇಟಿಯ ತೊಡಕು. ಆದ್ದರಿಂದ ಎಲ್ಲಿಯವರು, ಏನು ಕೆಲಸ ಎಂಬಂಥ ಸಪ್ಪೆ ಪ್ರಶ್ನೆಗಳು ಕತ್ತಲ ಕೋಣೆಯಲ್ಲಿ ಗೋಡೆ ತಡವಿದ ಹಾಗೆ ಉಪಯುಕ್ತವಾದ ಕೆಲಸವನ್ನೇ ಮಾಡುತ್ತವೆ. ಪ್ರಶ್ನೆಗೆ ಪ್ರಶ್ನೆ ಮರಳಿ ಬಂದರೆ ಮಾತು ಮುಂದುವರಿಯುತ್ತದೆ. ಉತ್ತರವಷ್ಟೇ ಬಂದರೆ ಅದು ವಿಚಾರಣೆಯಂತಾಗಿ ಅಲ್ಲಿಗೇ ನಿಲ್ಲುತ್ತದೆ.

ಮುಂದಿನ ಬೆಳವಣಿಗೆಯನ್ನು ಅತ್ಯಂತ ಪ್ರಭಾವಶಾಲಿಯಾಗಿ ಚಿತ್ರಿಸಿದವರು ಅರ್ವಿನ್ ಆಲ್ಟ್‌ಮನ್ ಮತ್ತು ಡಾಲ್ಮಸ್ ಟೇಲರ್. 1973ರ ಅವರ ಸಿದ್ಧಾಂತವನ್ನು ಈರುಳ್ಳಿಯ ಹೋಲಿಕೆಯಿಂದ ವಿವರಿಸುವುದು ವಾಡಿಕೆ. ಹೊರಪದರದಲ್ಲಿ ನಮ್ಮ ಅಭಿರುಚಿಗಳು, ಅದರೊಳಗೆ ನಂಬಿಕೆಗಳು, ತೀರಾ ಒಳಗೆ ಭಯಗಳೂ ನಾಚಿಕೆಗಳೂ ಇರುತ್ತವೆ. ಇಬ್ಬರು ಪರಸ್ಪರ ಒಂದೊಂದಾಗಿ ಪದರ ಬಿಡಿಸುತ್ತ ಹೋದಂತೆ ಸಂಬಂಧ ಆಳವಾಗುತ್ತದೆ. ಜಾನ್ ಥೀಬೋ ಮತ್ತು ಹೆರಾಲ್ಡ್ ಕೆಲ್ಲಿ 1959ರಲ್ಲಿ ಮಂಡಿಸಿದ್ದ ಲಾಭನಷ್ಟದ ಲೆಕ್ಕಾಚಾರವೂ ಇದರ ಹಿನ್ನೆಲೆಯಲ್ಲಿದೆ: ತೆರೆದುಕೊಳ್ಳುವುದರಿಂದ ದೊರೆಯುವುದು ಅದರ ಅಪಾಯಕ್ಕಿಂತ ಹೆಚ್ಚೆನಿಸುವವರೆಗೆ ಜನ ಮುಂದುವರಿಯುತ್ತಾರೆ.

ಈ ಚಿತ್ರ ಸುಂದರವಾಗಿದೆ, ಆದರೆ ಅಪೂರ್ಣವಾಗಿದೆ. ಅದು ನನಗೆ ಅರಿವಾದದ್ದು ಒಂದು ರಾತ್ರಿಯ ರೈಲುಪಯಣದಲ್ಲಿ. ಎದುರು ಸೀಟಿನಲ್ಲಿದ್ದ ಹಿರಿಯರೊಬ್ಬರು, ದೀಪ ಆರಿಸಿದ ಮೇಲೆ, ತಮ್ಮ ತಮ್ಮನೊಡನೆ ಹದಿನಾಲ್ಕು ವರ್ಷಗಳಿಂದ ಮಾತು ಬಿಟ್ಟಿರುವುದನ್ನೂ, ಅದರಲ್ಲಿ ತಮ್ಮದೇ ತಪ್ಪಿತ್ತೆಂಬುದನ್ನೂ ಹೇಳಿಕೊಂಡರು. ಮನೆಯಲ್ಲಿ ಯಾರಿಗೂ ಇದನ್ನು ಹೇಳಿಲ್ಲ ಎಂದರು. ಬೆಳಗ್ಗೆ ಎದ್ದಾಗ ಅವರು ನನ್ನ ಕಣ್ಣು ತಪ್ಪಿಸಿ ಕಿಟಕಿಯ ಹೊರಗೆ ನೋಡುತ್ತಿದ್ದರು. ತಮ್ಮ ನಿಲ್ದಾಣ ಬಂದಾಗ ಇಳಿದು ಹೋದರು. ಈರುಳ್ಳಿಯ ನಡುಭಾಗವೇ ತೆರೆದುಕೊಂಡಿತ್ತು, ಆದರೆ ಸಂಬಂಧ ಹುಟ್ಟಲಿಲ್ಲ. ಅಪರಿಚಿತನ ಮುಂದೆ ಮನುಷ್ಯ ಇಂಥ ತಪ್ಪೊಪ್ಪಿಗೆಗಳನ್ನು ಮಾಡಿಕೊಳ್ಳುತ್ತಾನೆ ಎಂದು ಜರ್ಮನ್ ಸಮಾಜಶಾಸ್ತ್ರಜ್ಞ ಗೇಯೋರ್ಗ್ ಸಿಮ್ಮೆಲ್ 1908ರಲ್ಲೇ ಬರೆದಿದ್ದರು. ಹೇಳಿದ್ದಕ್ಕೆ ನಾಳೆ ಉತ್ತರ ಕೊಡಬೇಕಾದ ಹಂಗು ಇಲ್ಲ ಎಂಬುದೇ ಅಲ್ಲಿನ ಧೈರ್ಯ.

ಹಾಗಾದರೆ ಕಾಣೆಯಾದ ಅಂಶ ಯಾವುದು? ಹ್ಯಾರಿ ರೈಸ್ ಮತ್ತು ಫಿಲಿಪ್ ಶೇವರ್ 1988ರಲ್ಲಿ ಮುಂದಿಟ್ಟ ಮಾದರಿ ಇದಕ್ಕೆ ನೇರ ಉತ್ತರ ನೀಡುತ್ತದೆ. ಒಬ್ಬನು ತೆರೆದುಕೊಂಡಾಗ ಇನ್ನೊಬ್ಬನಿಂದ ಬರುವ ಸ್ಪಂದನದಲ್ಲಿ, ಇವನು ನನ್ನನ್ನು ಅರ್ಥಮಾಡಿಕೊಂಡ, ನನ್ನ ಭಾವನೆಗೆ ಬೆಲೆ ಕೊಟ್ಟ, ನನ್ನ ಬಗ್ಗೆ ಇವನಿಗೆ ಕಾಳಜಿಯಿದೆ ಎಂಬ ಅನುಭವವಾದರೆ ಮಾತ್ರ ಆಪ್ತತೆ ಉಂಟಾಗುತ್ತದೆ. ಶೆಲ್ಲಿ ಗೇಬಲ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಸಿಹಿಸುದ್ದಿಗೂ ವಿಸ್ತರಿಸಿದರು. ಬಡ್ತಿ ಸಿಕ್ಕಿತೆಂದು ಹೇಳಿಕೊಂಡಾಗ ಸಂಗಾತಿ ಉತ್ಸಾಹದಿಂದ ವಿವರ ಕೇಳುವುದಕ್ಕೂ, "ಒಳ್ಳೆಯದಾಯಿತು" ಎಂದು ಸುಮ್ಮನಾಗುವುದಕ್ಕೂ ಇರುವ ಅಂತರ ದಾಂಪತ್ಯದ ತೃಪ್ತಿಯಲ್ಲಿಯೇ ಕಾಣಿಸುತ್ತದೆ. ಕಷ್ಟಕಾಲದಲ್ಲಿ ಜೊತೆಗಿರುವವರನ್ನು ನಾವು ಸರಿಯಾಗಿಯೇ ಕೊಂಡಾಡುತ್ತೇವೆ. ಸುಖದ ಸುದ್ದಿಗೆ ಮುಖ ಅರಳಿಸುವವರನ್ನು ಅಷ್ಟಾಗಿ ಗಮನಿಸುವುದಿಲ್ಲ.

ಆರ್ಥರ್ ಆರನ್ ಅವರ ತಂಡ 1997ರಲ್ಲಿ ಪ್ರಕಟಿಸಿದ 36 ಪ್ರಶ್ನೆಗಳ ಪ್ರಯೋಗವನ್ನೂ ನಾನು ಹೀಗೆಯೇ ಓದುತ್ತೇನೆ. ಮುಕ್ಕಾಲು ಗಂಟೆಯಲ್ಲಿ ಅಪರಿಚಿತರ ನಡುವೆ ಸಾಮೀಪ್ಯದ ಭಾವ ಮೂಡಿಸಿದ ಈ ವಿಧಾನವನ್ನು ಪ್ರೀತಿ ಹುಟ್ಟಿಸುವ ಮಂತ್ರವೆಂಬಂತೆ ಪ್ರಚಾರ ಮಾಡಲಾಗಿದೆ. ಆ ಪ್ರಶ್ನೆಗಳಲ್ಲಿ ಮಂತ್ರವೇನೂ ಇಲ್ಲ. ಪ್ರತಿ ಪ್ರಶ್ನೆಗೂ ಇಬ್ಬರೂ ಉತ್ತರಿಸಬೇಕು, ಒಬ್ಬನು ತೆರೆದುಕೊಂಡಷ್ಟೇ ಇನ್ನೊಬ್ಬನೂ ತೆರೆದುಕೊಳ್ಳಬೇಕು ಎಂಬ ನಿಯಮದಲ್ಲಿ ಅದರ ಶಕ್ತಿಯಿದೆ.

ಮಾರ್ಕ್ ನ್ಯಾಪ್ 1978ರಲ್ಲಿ ಸಂಬಂಧದ ಏರಿಳಿತವನ್ನು ಹತ್ತು ಮೆಟ್ಟಿಲುಗಳಾಗಿ ವಿಂಗಡಿಸಿದರು: ಕೂಡುವುದಕ್ಕೆ ಐದು, ಅಗಲುವುದಕ್ಕೆ ಐದು. ಪಾಠ ಹೇಳಲು ಅನುಕೂಲವಾದ ಚಿತ್ರವಿದು, ಆದರೆ ಬದುಕು ಮೆಟ್ಟಿಲೇರುವಷ್ಟು ಕ್ರಮಬದ್ಧವಲ್ಲ. ಲೆಸ್ಲಿ ಬ್ಯಾಕ್ಸ್‌ಟರ್ ಮತ್ತು ಬಾರ್ಬರಾ ಮಾಂಟ್ಗೊಮರಿ 1996ರಲ್ಲಿ ವಿಸ್ತಾರವಾಗಿ ಮಂಡಿಸಿದ ವಾದ ನನಗೆ ಹೆಚ್ಚು ನಿಜವೆನಿಸುತ್ತದೆ. ಹತ್ತಿರವಿರಬೇಕೆಂಬ ಆಸೆ ಮತ್ತು ತನ್ನಷ್ಟಕ್ಕೆ ಇರಬೇಕೆಂಬ ಆಸೆ, ಎಲ್ಲವನ್ನೂ ಹೇಳಿಬಿಡುವ ತುಡಿತ ಮತ್ತು ಬಚ್ಚಿಟ್ಟುಕೊಳ್ಳುವ ಅಗತ್ಯ, ಇವು ಐವತ್ತು ವರ್ಷಗಳ ದಾಂಪತ್ಯದಲ್ಲೂ ಇತ್ಯರ್ಥವಾಗದೆ ಪ್ರತಿದಿನ ಹೊಸದಾಗಿ ಎಳೆದಾಡುತ್ತಿರುತ್ತವೆ. "ಏನು ಯೋಚನೆ?" ಎಂದು ಕೇಳಿದಾಗ "ಏನಿಲ್ಲ" ಎಂಬ ಉತ್ತರ ಬಂದರೆ ಅದನ್ನು ತಿರಸ್ಕಾರವೆಂದೇ ತಿಳಿಯಬೇಕಾಗಿಲ್ಲ. ಆ ಉತ್ತರವನ್ನು ಗೌರವಿಸಿ ಸುಮ್ಮನಿರುವುದೂ ಸ್ಪಂದನವೇ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜಾನ್ ಗಾಟ್‌ಮನ್ ದಂಪತಿಗಳ ಸಾಮಾನ್ಯ ಮಾತುಕತೆಯನ್ನು ಚಿತ್ರೀಕರಿಸಿ ಅಧ್ಯಯನ ಮಾಡಿದರು. ನಾನು ಆರಂಭದಲ್ಲಿ ಹೇಳಿದಂಥ ಪುಟ್ಟ ಮಾತುಗಳನ್ನು ಅವರು ಗಮನ ಕೋರುವ ಕರೆಗಳೆಂದು ಗುರುತಿಸಿದರು. ಅವರ ವರದಿಯ ಪ್ರಕಾರ, ಆರು ವರ್ಷಗಳ ನಂತರವೂ ಜೊತೆಯಲ್ಲಿದ್ದ ದಂಪತಿಗಳು ಇಂಥ ಕರೆಗಳಲ್ಲಿ ಶೇಕಡ 86ಕ್ಕೆ ಓಗೊಟ್ಟಿದ್ದರು. ವಿಚ್ಛೇದನ ಪಡೆದವರಲ್ಲಿ ಆ ಪ್ರಮಾಣ ಶೇಕಡ 33 ಇತ್ತು. ಇಲ್ಲಿ ಗಮನಿಸಬೇಕಾದದ್ದು, ಗಟ್ಟಿಯಾದ ದಾಂಪತ್ಯಗಳಲ್ಲೂ ಪ್ರತಿಯೊಂದು ಕರೆಗೂ ಓಗೊಡುವುದು ಆಗಿರಲಿಲ್ಲ.

ಮಾತು ಬಾರದ ವಯಸ್ಸಿನಲ್ಲೇ ಇದು ಆರಂಭವಾಗುತ್ತದೆ. ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ರೂಪಿಸಿದ ಪ್ರಯೋಗದಲ್ಲಿ, ಶಿಶುವಿನೊಡನೆ ನಲಿಯುತ್ತಿದ್ದ ತಾಯಿ ಒಮ್ಮೆಲೇ ಮುಖವನ್ನು ಭಾವಶೂನ್ಯವಾಗಿಸಿ ಕೆಲವು ನಿಮಿಷ ಕೂರುತ್ತಾಳೆ. ಕೆಲವೇ ತಿಂಗಳ ಶಿಶು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡುತ್ತದೆ. ಏನು ಮಾಡಿದರೂ ಉತ್ತರ ಬಾರದಿದ್ದಾಗ ಮುಖ ಹೊರಳಿಸಿ ಬಾಡಿಹೋಗುತ್ತದೆ. ಟ್ರಾನಿಕ್ ಅವರ ಮುಂದಿನ ಸಂಶೋಧನೆಗಳು ಇನ್ನೊಂದನ್ನೂ ತಿಳಿಸಿದವು. ಸಹಜವಾದ ಒಡನಾಟದಲ್ಲೂ ತಾಯಿ ಮತ್ತು ಮಗುವಿನ ಭಾವಗಳು ತಾಳೆಯಾಗುವುದು ಸುಮಾರು ಶೇಕಡ 30 ಭಾಗದಷ್ಟು ಸಮಯ ಮಾತ್ರ. ಉಳಿದ ಹೊತ್ತಿನಲ್ಲಿ ತಾಳ ತಪ್ಪುವುದು, ಮತ್ತೆ ಸರಿಹೋಗುವುದು ನಡೆಯುತ್ತಲೇ ಇರುತ್ತದೆ, ಮತ್ತು ಆ ಸರಿಹೋಗುವಿಕೆಯಿಂದಲೇ ನಂಬಿಕೆ ಬೇರೂರುತ್ತದೆ.

ಆ ಗಂಡನ "ಹೂಂ"ಗೂ ಇದು ಅನ್ವಯಿಸುತ್ತದೆ. ಒಂದು ಗಂಟೆ ಕಳೆದ ಮೇಲೆ ಅವನು ಕೋಣೆಯ ಬಾಗಿಲಲ್ಲಿ ನಿಂತು, "ಆಗ ನೀನೇನೋ ಹೇಳಿದೆಯಲ್ಲ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಏನಾಯಿತು?" ಎನ್ನಬಹುದು. ಆ ವಾಕ್ಯದ ಮೊದಲ ಪದವನ್ನು ಗಮನಿಸಿ. "ಆಗ" ಎಂದೊಡನೆ ಅವಳಿಗೆ ತಿಳಿಯುತ್ತದೆ, ತನ್ನ ಮಾತು ಈ ಒಂದು ಗಂಟೆಯೂ ಅವನೊಳಗೆ ಇತ್ತು ಎಂದು.